ಹಗೇವಿನಿಂದ ಬಂದ ಅಳತೆ

ದೆವ್ವ, ಗಾಳಿ ಅಂದರೆ ನಗುತ್ತಿದ್ದವನು ನಾನು. ಮೇಷ್ಟ್ರೆಂಬ ಜಂಬ ಬೇರೆ. ಈಗಲೂ ನಂಬಿದ್ದೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ಹೇಳಿ.

ಎಪ್ಪತ್ತರ ದಶಕದ ಕೊನೆ. ವಕ್ಕಲೇರಿ ಹತ್ತಿರದ ನಮ್ಮ ಮನೆಯಲ್ಲಿ ಇದ್ದದ್ದು ಒಂದು ನಡುಮನೆ, ಒಂದು ಅಡುಗೆಮನೆ. ಹೆಂಡತಿ ಹೆರಿಗೆಗೆಂದು ಮಾಲೂರಿನ ತವರಿಗೆ ಹೋಗಿದ್ದಳು. ಅವಳು ಮಗು ಎತ್ತಿಕೊಂಡು ಬರುವಷ್ಟರಲ್ಲಿ ನಾನೇ ಗುದ್ದಲಿ ಹಿಡಿದು ಮನೆ ದೊಡ್ಡದು ಮಾಡಲು ಹೊರಟೆ. ಹಿತ್ತಿಲ ಕಡೆಗೆ ಒಂದು ಕೋಣೆ ಕಟ್ಟುವುದು. ನಡುಮನೆಯ ಕೆಳಗೆ ಅಜ್ಜ ರಾಗಿ ತುಂಬಿಡುತ್ತಿದ್ದ ಹಗೇವಿಗೆ ಮೆಟ್ಟಿಲು ಇಳಿಸಿ ಇನ್ನೊಂದು ಮಾಡುವುದು. ಮೇಲಿನದು ನಮಗೆ. ಕೆಳಗಿನದು, ಗಂಡ ಬಿಟ್ಟ ಮೇಲೆ ನಮ್ಮಲ್ಲೇ ಇದ್ದ ನನ್ನ ಅಕ್ಕನಿಗೆ. ಅವಳ ಕೆಮ್ಮು ಮಗುವಿಗೆ ಕೇಳಿಸಬಾರದು ಎಂದು ಅವಳ ಎದುರಿಗೇ ಹೇಳಿದ್ದೆ. ನಾಚಿಕೆಯಾಗುತ್ತದೆ, ಆದರೆ ಹೇಳಿದ್ದೆ.

ವರ್ಷಗಟ್ಟಲೆ ಮುಚ್ಚಿದ್ದ ಬಾಯಿಕಲ್ಲು ಎತ್ತಿದ ಮಧ್ಯಾಹ್ನವೇ, ಏಣಿ ಇಟ್ಟು, ಅಳತೆಗೆ ಅಕ್ಕನಿಗೆ ಇಳಿಯಲು ಹೇಳಿದೆ.

"ಮೊದ್ಲು ದೀಪ ಬಿಟ್ಟು ನೋಡೋಣ ಕಣೋ ತಮ್ಮಯ್ಯ. ಆರಿಹೋದ್ರೆ ಒಳಗೆ ಕೆಟ್ಟ ಗಾಳಿ ಇದೆ ಅಂತ," ಅಂದಳು.

"ನಿನ್ನ ಕೋಣೆ, ನೀನೇ ಇಳಿ," ಅಂದೆ.

ಇಳಿದಳು. ನಾನು ಗೋಡೆಗೆ ಒರಗಿ ಚೀಟಿಯಲ್ಲಿ ಬರೆದುಕೊಂಡೆ. ಕೆಳಗಿನ ಕತ್ತಲಿನಿಂದ ಅವಳು ಒಂದೊಂದೇ ಹೇಳಿದಳು. ಉದ್ದ ಏಳು ಮೊಳ. ಅಗಲ ಆರು. "ಆಚೆ ಮೂಲೇಲಿ ಒಂದು ಕಲ್ಲು ಚಾಚ್ಕೊಂಡಿದೆ, ಕಿತ್ತಾಕು. ಮಗು ತಲೆಗೆ ತಗಲೀತು." ಟೇಪು ತಂದು ನಾನೂ ಇಳಿಯುತ್ತೇನೆ ಅಂದದ್ದಕ್ಕೆ, "ನೀನು ಇಳೀಬೇಡ ಕಣೋ, ನಾನಿದೀನಲ್ಲ," ಅಂದಳು. ಅರ್ಧ ಗಂಟೆ ಹೀಗೇ ನಡೆಯಿತು. ಒಂದು ಸಲವೂ ಕೆಮ್ಮಲಿಲ್ಲ. ನಾನು ಒಂದು ಸಲವೂ ಬಗ್ಗಿ ನೋಡಲಿಲ್ಲ.

ಮಾತು ನಿಂತು ಎಷ್ಟು ಕೂಗಿದರೂ ಉತ್ತರ ಬರದಾಗ ಪಕ್ಕದ ಮನೆಯ ಮುನಿಯಪ್ಪನನ್ನು ಕರೆದೆ. ಅವನು ಹಗ್ಗಕ್ಕೆ ಕಟ್ಟಿ ಬಿಟ್ಟ ದೀಪ ಅರ್ಧದಲ್ಲೇ ಆರಿತು. ಬೇವಿನ ಸೊಪ್ಪು ಆಡಿಸಿ ಗಾಳಿ ಬಿಡಿಸಿ ಇಳಿದ.

"ಏಣಿ ಬುಡದಾಗೇ ಬಿದ್ದವ್ಳೆ ಮೇಷ್ಟ್ರೇ. ಕಾಲಿನ್ನೂ ಕೊನೇ ಮೆಟ್ಟಿಲಲ್ಲೇ ಸಿಕ್ಕಾಕ್ಕೊಂಡೈತೆ. ಇಳಿದ ಗಳಿಗೇಲೇ ಹೋಗವ್ಳೆ."

ಕರ್ಮವೆಲ್ಲ ಮುಗಿದ ಮೇಲೆ ನಾನೇ ಇಳಿದು ಅಳೆದೆ. ಅಳತೆ ಸರಿಯಾಗಿತ್ತು. ಆಚೆ ಮೂಲೆಯಲ್ಲಿ ಕಲ್ಲೂ ಇತ್ತು.

ಹಗೇವಿಗೆ ಮಣ್ಣು ತುಂಬಿಸಿದೆ. ಹಿತ್ತಿಲ ಕೋಣೆ ಕಟ್ಟಿದೆ, ಮಗಳು ಅಲ್ಲೇ ಬೆಳೆದಳು. ಚೀಟಿ ಇನ್ನೂ ನನ್ನ ಹತ್ತಿರ ಇದೆ, ಅಕ್ಷರ ನನ್ನದೇ. ಜನ್ಮದಲ್ಲಿ ಅಕ್ಕ ಹೇಳಿದ ಒಂದೇ ಒಂದು ಮಾತು ಕೇಳಿದ್ದೇನೆ, ಆವತ್ತು ಇಳೀಬೇಡ ಅಂದದ್ದು. ಅದನ್ನು ಹೇಳುವಾಗ ಅವಳು ಇದ್ದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.