ಪರೀಕ್ಷೆ ಮುಗಿದರೂ ಬಿಡದ ನಡುಕ

ಪರೀಕ್ಷೆಯ ತಿಂಗಳು ಬಂತೆಂದರೆ ಕಾಲೇಜಿನ ನರ್ಸಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಕೋಣೆಯಲ್ಲಿ ಇದ್ದದ್ದೇ ಎರಡು ಮಂಚ. ಬೆಳಿಗ್ಗೆ ಎಂಟಕ್ಕೇ ಬಾಗಿಲಲ್ಲಿ ಸಾಲು: ಒಬ್ಬನಿಗೆ ಹೊಟ್ಟೆನೋವು, ಒಬ್ಬಳಿಗೆ ತಲೆಸುತ್ತು, ಇನ್ನೊಬ್ಬನಿಗೆ ಓದಿದ್ದೆಲ್ಲ ಮರೆತುಹೋಗಿದೆ. ಹತ್ತೊಂಬತ್ತು ವರ್ಷಗಳಿಂದ ಎಲ್ಲರಿಗೂ ಅವಳದು ಒಂದೇ ಮದ್ದು, ಒಂದು ಲೋಟ ನೀರು ಮತ್ತು ಒಂದಿಷ್ಟು ಗದರಿಕೆ. ಬೆಳಿಗ್ಗೆ ಸಾಯುವಂತಿದ್ದವರೇ ಸಂಜೆ ಮೈದಾನದಲ್ಲಿ ಕೇಕೆ ಹಾಕುವುದನ್ನು ಕಂಡು ಅವಳಿಗೆ ಇನ್ನಷ್ಟು ರೇಗುತ್ತಿತ್ತು.

ಫಲಿತಾಂಶ ಬಂದ ದಿನ ಎರಡನೇ ವರ್ಷದ ಉದ್ದಜಡೆಯ ಹುಡುಗಿ ಬಂದಳು. ತರಗತಿಗೇ ಎರಡನೆಯವಳು, ಆದರೂ ಕೈ ಮಂಜುಗಡ್ಡೆಯಂತೆ ತಣ್ಣಗಿತ್ತು.

"ಪರೀಕ್ಷೆ ಮುಗಿದು ತಿಂಗಳಾಯ್ತು. ಇನ್ನೇನಮ್ಮ ನಿಂದು?" ಎಂದು ನರ್ಸಮ್ಮ ಸಿಡುಕಿದಳು.

"ಪರೀಕ್ಷೆ ಮುಗೀತು ಸಿಸ್ಟರ್, ಭಯ ಮುಗೀಲಿಲ್ಲ. ಬಸ್ ಹತ್ತೋಕೂ ಭಯ, ಫೋನ್ ಬಂದ್ರೂ ಭಯ. ಯಾಕೆ ಅಂತ ಮಾತ್ರ ಕೇಳ್ಬೇಡಿ, ನಂಗೂ ಗೊತ್ತಿಲ್ಲ."

ನರ್ಸಮ್ಮ ರಿಜಿಸ್ಟರ್ ತಿರುವಿದಳು. ಒಂದು ವರ್ಷದಲ್ಲಿ ಆ ಹುಡುಗಿ ಹನ್ನೊಂದು ಸಲ ಬಂದಿದ್ದಳು. ಹನ್ನೊಂದು ಸಲವೂ ನರ್ಸಮ್ಮನದೇ ಕೈಬರಹ, 'ಪರೀಕ್ಷೆ ಭಯ'. ಅದರಲ್ಲಿ ಏಳು ಸಲ ಪರೀಕ್ಷೆಯೇ ಇರಲಿಲ್ಲ. ಅಷ್ಟು ದಿನ ಊರವರ ಮೇಲೆಲ್ಲ ರೇಗಿದವಳಿಗೆ ಅಂದು ತನ್ನ ಮೇಲೆಯೇ ರೇಗಿಹೋಯಿತು.

ಪ್ರಿನ್ಸಿಪಾಲರು ಇದೆಲ್ಲ ವಯಸ್ಸಿನ ಗುಣ ಎಂದರು. ಫೋನಿನಲ್ಲಿ ಸಿಕ್ಕ ತಂದೆ, ತಮ್ಮ ಮಗಳು ಹುಟ್ಟಾ ಪುಕ್ಕಲಿ ಎಂದು ನಕ್ಕರು. ಆಗ ನರ್ಸಮ್ಮನ ತಾಳ್ಮೆ ಕೆಟ್ಟಿತು.

"ಬಂದು ಹೋಗೋ ಭಯ ಆಗಿದ್ರೆ ನಾನೇ ಗದರಿಸಿ ಕಳಿಸ್ತಿದ್ದೆ. ಇದು ವರ್ಷದಿಂದ ಮನೆ ಮಾಡ್ಕೊಂಡು ಕೂತಿದೆ. ಮಗಳಿಗೆ ವರ್ಷವಿಡೀ ಜ್ವರ ಇದ್ದಿದ್ರೂ ಹೀಗೇ ನಗ್ತಿದ್ರಾ?"

ಮರುದಿನ ತಂದೆ ಕೆಲಸಕ್ಕೆ ರಜೆ ಹಾಕಿ ಬಂದರು; ಮೂವರೂ ಮನೋವೈದ್ಯೆಯ ಬಳಿಗೆ ಹೋದರು.

ಗುಣವಾಗಲು ಎಂಟು ತಿಂಗಳು ಹಿಡಿಯಿತು. ನಡುವೆ ಒಂದು ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದ ಹುಡುಗಿ, ಮುಂದಿನ ಸಲ ಅದನ್ನು ಬರೆದು ಮುಗಿಸಿದಳು. ಈಗ ಒಬ್ಬಳೇ ಬಸ್ ಹತ್ತುತ್ತಾಳೆ. ಕೆಲವು ದಿನ ಎದೆ ಢವಗುಟ್ಟುತ್ತದೆ, ಆದರೆ ಭಯ ಕೈಕಾಲು ಕಟ್ಟಿಹಾಕುವುದಿಲ್ಲ.

ವಾರಕ್ಕೊಮ್ಮೆ ಮನೋವೈದ್ಯೆ ಕಾಲೇಜಿಗೇ ಬರಲಿ ಎಂದು ನರ್ಸಮ್ಮ ಅರ್ಜಿ ಹಾಕಿದಳು. ಒಕ್ಕಣೆ ಸರಿಯಿಲ್ಲವೆಂದು ಆಫೀಸಿನವರು ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೆಯ ಸಲ ಅವಳು ಅರ್ಜಿ ಹಿಡಿದು ಸಹಿ ಬೀಳುವವರೆಗೆ ಅಲ್ಲೇ ಕುರ್ಚಿ ಹಾಕಿ ಕೂತಳು. ಈಗ ಪ್ರತಿ ಬುಧವಾರ ಮನೋವೈದ್ಯೆ ಬರುತ್ತಾರೆ. ಹತ್ತು ನಿಮಿಷ ತಡವಾದರೆ ನರ್ಸಮ್ಮ ಅವರನ್ನೂ ಗದರದೆ ಬಿಡುವುದಿಲ್ಲ.