ಒಂದು ಗೇಟಿನ ಏರಿಳಿತ

ನವೆಂಬರ್ ಕೊನೆಗೆ ಬರುವ ಸಂತ ಆಂದ್ರೇಯನ ಹಬ್ಬದ ಬೆಳಿಗ್ಗೆ ವಲೇರ್ ಪಿಂತ್ಯಾ ಕಸದ ಡಬ್ಬ ಹೊರಗಿಡಲು ಹೋದಾಗ ಎದುರಿಗೆ ಬೀದಿ ಇತ್ತು, ಗೇಟು ಇರಲಿಲ್ಲ. ಎರಡು ಕಂಬಗಳ ನಡುವೆ ಪಕ್ಕದ ಮನೆಯ ಬೆಕ್ಕು ಕೂತಿತ್ತು. ಇಷ್ಟು ವರ್ಷ ಕಂಬಿಗಳ ಸಂದಿಯಲ್ಲಿ ನುಸುಳಿ ಸವೆಸಿದ ಮೈಗೆ ಈಗ ನ್ಯಾಯ ಸಿಕ್ಕಿತು ಎಂಬ ಕಳೆ ಅದರ ಮುಖದಲ್ಲಿತ್ತು.

ಒಂದು ನಿಮಿಷ ಯೋಚಿಸಿದ್ದರೆ ಟ್ರಾನ್ಸಿಲ್ವೇನಿಯಾದ ಆ ಮೂಲೆಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ವಿಷಯ ಹೊಳೆಯುತ್ತಿತ್ತು. ಆದರೆ ವಲೇರ್ ಸುಮಾರು ಮೂವತ್ತು ವರ್ಷದಿಂದ ನಗರದ ಪೊಲೀಸ್ ಕಚೇರಿಯಲ್ಲಿ ಅಪರಾಧಗಳ ಅಂಕಿಸಂಖ್ಯೆ ನೋಡಿಕೊಳ್ಳುವವನು. ಏನಾದರೂ ಕಾಣೆಯಾದರೆ ಅವನ ಕೈ ಮೊದಲು ಫೋನಿಗೆ ಹೋಗುತ್ತಿತ್ತು, ತಲೆ ಆಮೇಲೆ ನಿಧಾನವಾಗಿ ಹಿಂಬಾಲಿಸುತ್ತಿತ್ತು. ಪೈಜಾಮದಲ್ಲೇ ನಿಂತು ಪೊಲೀಸರಿಗೆ ಕರೆ ಮಾಡಿದ.

"ಕಳ್ಳತನ ಆಗಿದೆ. ಕಬ್ಬಿಣದ ಗೇಟು. ಹಸಿರು ಬಣ್ಣ."

"ಪಿಂತ್ಯಾ ಸಾರ್, ನೀವಾ?" ಆ ಕಡೆ ಕೂತಿದ್ದವಳು ಇಯೊನೆಲಾ, ಅವನದೇ ಕಚೇರಿಯ ಹುಡುಗಿ. "ಅಯ್ಯೋ, ಪಾಪ. ಸಾರ್, ಒಂದು ಪ್ರಶ್ನೆ ಕೇಳ್ಲೇಬೇಕು, ಬೇಜಾರ್ ಮಾಡ್ಕೋಬೇಡಿ. ನೀವೇ ಸೇರಿಸಿದ್ ಪ್ರಶ್ನೆ. ಮನೇಲಿ ಮದುವೆ ಆಗದೇ ಇರೋ ಹುಡುಗಿ ಯಾರಾದ್ರೂ ಇದಾರಾ?"

"ಇಲ್ಲ."

"ಖಂಡಿತಾ ಇಲ್ವಾ?"

"ಇಲ್ಲಮ್ಮಾ, ನಮ್ಮನೇಲಿ ಅಂಥೋರು ಯಾರೂ ಇಲ್ಲ. ಬರ್ಕೋ."

ಫೋನಿಟ್ಟು ತಿರುಗಿದ. ಕಾಫಿ ಪಾತ್ರೆ ಹಿಡಿದು ತಂಗಿ ವೆಟೂರಿಯಾ ಬಾಗಿಲಲ್ಲಿ ನಿಂತಿದ್ದಳು. ವಯಸ್ಸು ಐವತ್ತೊಂದು, ಔಷಧಿ ಅಂಗಡಿಯಲ್ಲಿ ಕೆಲಸ, ಮದುವೆಯಾಗಿರಲಿಲ್ಲ. ಅವಳು ಕೋಪ ಮಾಡಲಿಲ್ಲ. "ಕಾಫಿ ಆರ್ತಿದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಮನೆಯಲ್ಲಿ ಕಾಫಿಗಿಂತ ಮೊದಲು ಬೇರೇನೋ ಆರಿಹೋಗಿತ್ತು.

ಆ ಹಬ್ಬದ ಹಿಂದಿನ ರಾತ್ರಿ ಮದುವೆಯಾಗದ ಹೆಣ್ಣಿರುವ ಮನೆಯ ಗೇಟನ್ನು ಹೊತ್ತೊಯ್ಯುವುದು ಅಲ್ಲಿನ ಪದ್ಧತಿ. ಗೇಟನ್ನು ಚೌಕದಲ್ಲೋ, ಶಾಲೆಯ ಸೂರಿನ ಮೇಲೋ ಇಟ್ಟುಬಿಡುತ್ತಾರೆ. ಮುಂದಿನ ಭಾನುವಾರ ಹೊತ್ತವನೇ ಅದನ್ನು ತಂದು ಕೂರಿಸಿ, ಮನೆಯ ಯಜಮಾನನ ಜೊತೆ ಒಂದು ಲೋಟ ಪಾಲಿಂಕಾ, ಅಂದರೆ ಪ್ಲಮ್ ಹಣ್ಣಿನ ಸಾರಾಯಿ, ಕುಡಿದರೆ ಅರ್ಧ ಸಂಬಂಧ ಕುದುರಿದಂತೆ. ವಲೇರನ ಬೀದಿ ಹಿಂದೆ ಹಳ್ಳಿಯಾಗಿತ್ತು. ನಗರ ಬೆಳೆಯುತ್ತ ಬಂದು ಅದನ್ನು ನುಂಗಿತು, ಆದರೆ ಅರಗಿಸಿಕೊಳ್ಳಲಿಲ್ಲ. ಗೇಟುಗಳು ಹೋಗುತ್ತಲೇ ಇದ್ದವು.

ವಲೇರನಿಗೆ ಇದೆಲ್ಲ ಗೊತ್ತಿರಲಿಲ್ಲವೆಂದಲ್ಲ. ಬೇರೆಯವರಿಗಿಂತ ಹೆಚ್ಚೇ ಗೊತ್ತಿತ್ತು. ತನ್ನ ಮನೆಯಲ್ಲಿ ಅಂಥ ಹೆಣ್ಣೊಬ್ಬಳಿದ್ದಾಳೆಂಬುದು ಮಾತ್ರ ಯಾವ ಕಾಲಂನಲ್ಲೂ ಬಂದಿರಲಿಲ್ಲ.

ಅವನದು ಎರಡು ಗೆರೆಗಳ ಬದುಕು. ಪ್ರತಿ ಜನವರಿಯಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಕೆಂಪು ಗೆರೆಯನ್ನೂ ನೀಲಿ ಗೆರೆಯನ್ನೂ ಒಂದು ವರ್ಷದಷ್ಟು ಮುಂದಕ್ಕೆಳೆಯುತ್ತಿದ್ದ. ಕೆಂಪು ಹೊಡೆದಾಟ, ಚೂರಿ, ಕೊಲೆಗಳದ್ದು. ನೀಲಿ ಕಳ್ಳತನದ್ದು. ಬಂದ ಸಾಹೇಬರೆಲ್ಲ ಕೆಂಪು ಗೆರೆ ಇಳಿದರೆ ತಮ್ಮ ಬಿಗಿ ಗಸ್ತಿನಿಂದ ಇಳಿಯಿತೆಂದೂ, ಏರಿದರೆ ಯುವಜನರ ನೈತಿಕ ಅಧಃಪತನದಿಂದ ಏರಿತೆಂದೂ ಹೇಳಿಕೊಂಡು ಬಂದಿದ್ದರು. ವಲೇರನ ಪ್ರಕಾರ ಕೆಂಪು ಗೆರೆ ಪ್ಲಮ್ ಮರಗಳ ಮಾತನ್ನು ಮಾತ್ರ ಕೇಳುತ್ತಿತ್ತು. ಹಣ್ಣು ಜಗ್ಗಿ ಬಿಟ್ಟ ವರ್ಷ ಮನೆಮನೆಯಲ್ಲೂ ಪಾಲಿಂಕಾ ಭಟ್ಟಿ ಇಳಿಯುತ್ತಿತ್ತು. ಪಾಲಿಂಕಾ ಇಳಿದಷ್ಟೂ ಗೆರೆ ಏರುತ್ತಿತ್ತು. ಏಪ್ರಿಲ್‌ನಲ್ಲಿ ಹೂವಿಗೆ ಹಿಮ ಬಡಿದರೆ ಡಿಸೆಂಬರ್‌ನಲ್ಲಿ ಎಷ್ಟೋ ಮೂಗುಗಳು ಉಳಿದುಕೊಳ್ಳುತ್ತಿದ್ದವು.

ನೀಲಿ ಗೆರೆಗೆ ಬೇರೆ ದೇವರುಗಳಿದ್ದರು. ತಾಮ್ರದ ಬೆಲೆ ಏರಿದಾಗ ರೈಲ್ವೆ ತಂತಿ ಮಾಯವಾಗುತ್ತಿತ್ತು. ಸೌದೆ ತುಟ್ಟಿಯಾದ ಚಳಿಗಾಲದಲ್ಲಿ ಉದ್ಯಾನದ ಬೆಂಚುಗಳು ಹೋಗುತ್ತಿದ್ದವು. ಹೊರದೇಶಕ್ಕೆ ಹೋಗುವುದು ಸುಲಭವಾದ ವರ್ಷ ದುಡಿಯುವ ಕೈಗಳೆಲ್ಲ ಇಟಲಿಗೆ, ಸ್ಪೇನಿಗೆ ಹೊರಟವು. ಕಳ್ಳರೂ ದುಡಿಯುವವರೇ ಆದ್ದರಿಂದ ಅವರೂ ಹೋದರು. ಗೆರೆ ಧೊಪ್ಪನೆ ಬಿತ್ತು, ಆಗಿನ ಸಾಹೇಬರಿಗೆ ಪದಕ ಬಂತು.

ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಇಂಥ ತೊಡಕಿರಲಿಲ್ಲ. ಆಗ ಅಂಕಿಗಳು ಮೇಲಿನಿಂದ ಬರುತ್ತಿದ್ದವು, ಅಪರಾಧಗಳು ಕೆಳಗಿನಿಂದ ಬರುತ್ತಿದ್ದವು. ಎರಡೂ ದಾರಿಯಲ್ಲಿ ಎಲ್ಲೂ ಎದುರಾಗುತ್ತಿರಲಿಲ್ಲ. ಆ ಸರ್ಕಾರ ಬಿದ್ದ ಕೆಲವು ವರ್ಷಕ್ಕೆ ಕೆಲಸಕ್ಕೆ ಸೇರಿದ ವಲೇರ್ ಒಂದೇ ಒಂದು ನಿಯಮ ಇಟ್ಟುಕೊಂಡ: ಬಂದ ದೂರು ಬಂದದ್ದೇ, ಯಾರು ಹೇಳಿದರೂ ಅಳಿಸುವುದಿಲ್ಲ. ಬೇರೆ ಮಹತ್ವಾಕಾಂಕ್ಷೆ ಅವನಿಗಿರಲಿಲ್ಲ. ಊರಿನ ಕಳವೇ ಅವನ ಕಳವಳ. ಅಂಕಿಗಳೆಲ್ಲ ಅವನ ಅಂಕೆಯಲ್ಲಿದ್ದವು.

ಗೇಟುಗಳ ಜಗಳ ಶುರುವಾದದ್ದು ಹೊಸಬರಿಂದ. ಫ್ಲ್ಯಾಟುಗಳಿಂದ ಬಂದು ಮೇಲಿನ ಬೀದಿಗಳಲ್ಲಿ ಮನೆ ಕೊಂಡವರು ಮೋಟಾರಿನಿಂದ ಸರಿಯುವ ಗೇಟು ಹಾಕಿಸಿದರು. ಹಬ್ಬದ ಬೆಳಿಗ್ಗೆ ಅದು ಕೋಳಿಮಾರುಕಟ್ಟೆಯಲ್ಲಿ ಸಿಕ್ಕಾಗ ಪಾಲಿಂಕಾ ಕೊಡುವ ಬದಲು ದೂರು ಕೊಟ್ಟರು. ದೂರುಗಳು ವರ್ಷದಿಂದ ವರ್ಷಕ್ಕೆ ಬೆಳೆದವು. ಈಗಿನ ಕಮಿಷನರ್ ಸಿಲಾಗಿ ಸಾಹೇಬರು ಅವನ್ನು ಲೆಕ್ಕದಿಂದ ತೆಗೆ ಎಂದು ಪ್ರತಿ ಡಿಸೆಂಬರ್‌ನಲ್ಲೂ ಕೇಳುತ್ತಿದ್ದರು. ವಲೇರ್ ತೆಗೆಯಲಿಲ್ಲ. ಅವರ ಸಮಾಧಾನಕ್ಕೆಂದು ಮದುವೆಯಾಗದ ಹುಡುಗಿಯ ಪ್ರಶ್ನೆಯನ್ನು ಸೇರಿಸಿ, ಹಬ್ಬದ ಗೇಟುಗಳ ಪಕ್ಕ ಒಂದು ನಕ್ಷತ್ರ ಹಾಕಿದ. ಲೆಕ್ಕ ಮಾತ್ರ ಲೆಕ್ಕವಾಗಿಯೇ ಉಳಿಯಿತು.

ಕಾಫಿ ಮುಗಿಯುವ ಮೊದಲೇ ಎದುರುಮನೆಯ ಸವೇತಾ ಅಜ್ಜಿ ಗೇಟಿಲ್ಲದ ಸಂಭ್ರಮದಲ್ಲಿ ನೇರ ಒಳಗೇ ಬಂದಳು.

"ಏನೋ ವಲೇರಾ, ಪೊಲೀಸ್ ಜೀಪ್ ಕರ್ಸಿದೀಯಂತೆ? ನಿನ್ ಗೇಟು ಬಸ್ ಸ್ಟಾಪಿನ ಚಾವಣಿ ಮೇಲೆ ಕೂತಿದೆ, ರಾಜನ ಹಾಗೆ. ಹುಡುಗರು ರಿಬ್ಬನ್ ಬೇರೆ ಕಟ್ಟಿದಾರೆ."

"ಯಾರು ತಗೊಂಡೋಗಿದ್ದು ಅಜ್ಜಿ?"

"ನಿನಗೆ ಗೊತ್ತಿಲ್ವಾ? ಒಲೆ ಕಟ್ಟೋ ಗವ್ರಿಲಾ ಕಣೋ. ಅರವತ್ತರ ಹತ್ರ ಬಂದ ವಯಸ್ಸಲ್ಲಿ ಕಬ್ಬಿಣದ ಗೇಟು ಹೊರ್ತಾನಂತೆ! ಅಳಿಯಂದಿರು ಚಾವಣಿಗೇರ್ಸಿದ್ರು, ಇವನ ಸೊಂಟ ಹಿಡ್ಕೊಂಡ್ತು. ಈಗ ಬೆನ್ನಿಗೆ ಬಿಸಿ ಇಟ್ಟಿಗೆ ಇಟ್ಕೊಂಡು ಬೋರಲು ಬಿದ್ದಿದಾನೆ. ಒಲೆ ಕಟ್ಟೋನಿಗೆ ಇಟ್ಟಿಗೆಗೇನು ಬರ." ಅಜ್ಜಿ ಕುರ್ಚಿ ಎಳೆದುಕೊಂಡಳು. "ಅವನಿಗೆ ನಗು ಬಂದಿತ್ತು ಕಣೋ, ನೋವಲ್ಲೂ. ಜೀಪಿನ ಸುದ್ದಿ ಹೇಳ್ದೆ ನೋಡು, ಮುಖ ಸಣ್ಣಗಾಯ್ತು. 'ಹೆಣ್ಣಿನ ಅಣ್ಣಾನೇ ಪೊಲೀಸ್ ಕರ್ದ ಅಂದ್ರೆ ಆ ಮನೇಗೆ ನಾನು ಬೇಡ ಅಂತ ಅರ್ಥ. ಭಾನುವಾರ ಯಾವ ಮುಖ ಇಟ್ಕೊಂಡು ಹೋಗ್ಲಿ ಸವೇತಕ್ಕಾ' ಅಂದ."

ವಲೇರ್ ತಂಗಿಯ ಕಡೆ ನೋಡಿದ. ಅವಳು ಬ್ರೆಡ್ಡಿಗೆ ಬದನೆಕಾಯಿಯ ಗೊಜ್ಜು ಝಕುಸ್ಕಾ ಹಚ್ಚುತ್ತಿದ್ದಳು, ಅಗತ್ಯಕ್ಕಿಂತ ಮೂರು ಪಟ್ಟು.

"ವೆಟ್ಟಾ, ಗವ್ರಿಲ್ ಒಳ್ಳೆ ಮನುಷ್ಯ" ಎಂದ.

"ಗೊತ್ತು ಅಣ್ಣ. ಹೆಂಡ್ತಿ ಸತ್ತು ಆರು ವರ್ಷ ಆಯ್ತು. ಬೆನ್ನು ನೋವಿಗೆ ಮುಲಾಮು ಅಂತ ನಮ್ಮಂಗ್ಡಿಗೆ ಬರ್ತಾ ಇದ್ರು. ಅವಾಗ ಅವರಿಗೆ ಬೆನ್ನು ನೋವಿರ್ಲಿಲ್ಲ." ಅವಳು ಚಾಕು ಕೆಳಗಿಟ್ಟಳು. "ಆ ದೂರು ವಾಪಸ್ ತಗೋ."

"ತಗೋತೀನಿ. ಆದ್ರೆ ಲೆಕ್ಕದಿಂದ ಹೋಗಲ್ಲ."

"ಲೆಕ್ಕದಿಂದಾನೂ ತೆಗಿ. ಪೊಲೀಸ್ ಪುಸ್ತಕದಲ್ಲಿ ಕಳ್ಳ ಅಂತ ಇದ್ರೆ ಅವ್ರು ಬರಲ್ಲ. ನನಗವ್ರ ಸ್ವಭಾವ ಗೊತ್ತು."

"ನನ್ನದನ್ನ ನಾನೇ ಅಳ್ಸಿದ್ರೆ ನಾಳೆ ಸಾಹೇಬ್ರು ಎಲ್ಲಾದನ್ನೂ ಅಳ್ಸು ಅಂತಾರೆ."

"ಅಳ್ಸು."

"ವೆಟ್ಟಾ..."

"ಇಷ್ಟು ವರ್ಷ ಊರಿನ ಲೆಕ್ಕ ಇಟ್ಟೆಯಲ್ಲಾ ಅಣ್ಣ, ಮನೇಲಿ ಎಷ್ಟು ಜನ ಇದಾರೆ ಅಂತ ಒಂದ್ಸಲ ಎಣಿಸ್ಬಾರ್ದಾಗಿತ್ತಾ?"

ಸವೇತಾ ಅಜ್ಜಿ ಜಗಳಕ್ಕೆ ತೊಂದರೆಯಾಗದಂತೆ ಸದ್ದಿಲ್ಲದೆ ಒಂದು ತುಂಡು ಬ್ರೆಡ್ಡು ತೆಗೆದುಕೊಂಡಳು.

ಕಚೇರಿಗೆ ಹೋದರೆ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಮೆಟ್ಟಿಲ ಹತ್ತಿರ ಪೇದೆಗಳು ಮದುವೆ ಮಂಟಪದಲ್ಲಿ ಗಂಡಿಗೆ ದಾರಿ ಬಿಡುವಂತೆ ದಾರಿ ಬಿಟ್ಟರು. ಸಿಲಾಗಿ ಸಾಹೇಬರು ಎದ್ದು ನಿಂತು ಕೈ ಕುಲುಕಿದರು. ಹಿಂದೆಂದೂ ಅವರು ಎದ್ದವರಲ್ಲ.

"ಕೂತ್ಕೊಳ್ಳಿ ವಲೇರ್. ನಿಮ್ಮ ಕಷ್ಟ ನನಗರ್ಥ ಆಗತ್ತೆ. ನನಗೂ ಅಕ್ಕ ಇದಾಳೆ, ಮೂರ್ಸಲ ಮದುವೆ ಮಾಡಿದೀವಿ. ನಿಮ್ಮ ದೂರು ಅಳ್ಸಿಬಿಡೋಣ, ಮನೆತನದ ಮರ್ಯಾದೆ ಪ್ರಶ್ನೆ."

"ಥ್ಯಾಂಕ್ಸ್ ಸಾರ್."

"ಅದರ ಜೊತೆಗೆ ಉಳಿದ ಗೇಟುಗಳನ್ನೂ ಅಳ್ಸೋಣ. ನ್ಯಾಯ ಅಂದ್ರೆ ಎಲ್ಲರಿಗೂ ಒಂದೇ ಅಲ್ವಾ?" ಸಾಹೇಬರು ಕಿಟಕಿಯಾಚೆ ನೋಡಿದರು. "ಗೇಟು ಬಿಟ್ಟು ಎಣಿಸಿದ್ರೆ ಕಳ್ಳತನ ಹೋದ ವರ್ಷಕ್ಕಿಂತ ಇಳೀತು. ಸೇರ್ಸಿದ್ರೆ ಏರ್ತು. ನೀವೇ ಇಟ್ಟಿರೋ ಲೆಕ್ಕ, ಇವತ್ತಿನ ದೂರುಗಳನ್ನೂ ಕೂಡ್ಸಿ ನೋಡ್ದೆ. ರಾಜಧಾನಿಯಿಂದ ಜನವರೀಲಿ ಬರ್ತಾರೆ. ಇಳಿದ್ರೆ ನಮಗೆ ಹೊಸ ಕ್ಯಾಮೆರಾ, ಏರಿದ್ರೆ ನನಗೆ ಹೊಸ ಊರು."

ವಲೇರ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿದ. ಒಂದು ಕಡೆ ಇಷ್ಟು ಕಾಲ ಕೈ ಹಾಕದ ಎರಡು ಗೆರೆಗಳು, ಇನ್ನೊಂದು ಕಡೆ ತಂಗಿಯ ಭಾನುವಾರ. ಕೊನೆಗೆ "ನಾಳೆವರೆಗೆ ಟೈಮ್ ಕೊಡಿ ಸಾರ್" ಎಂದ. ಅವನ ನೌಕರಿಯಲ್ಲಿ ಅದು 'ಇಲ್ಲ' ಎನ್ನದ ಮೊದಲ ಉತ್ತರ. ಸಾಹೇಬರು ಗೆದ್ದವರಂತೆ ಕೂತರು.

ಆಗಲೇ ಬಾಗಿಲು ತೆರೆಯಿತು. ಔಷಧಿ ಅಂಗಡಿಯ ಬಿಳಿ ಕೋಟಿನ ಮೇಲೆ ಶಾಲು ಹೊದ್ದ ವೆಟೂರಿಯಾ ಒಳಗೆ ಬಂದಳು. ಹಿಂದೆ ಇಯೊನೆಲಾ "ತಡೆಯೋಕೆ ಆಗ್ಲಿಲ್ಲ ಸಾರ್" ಎನ್ನುತ್ತಿದ್ದಳು. ತಡೆಯುವ ಉತ್ಸಾಹ ಅವಳ ಮುಖದಲ್ಲಿ ಕಾಣಲಿಲ್ಲ.

"ಕಮಿಷನರ್ ಸಾಹೇಬ್ರೇ, ನಾನೊಂದು ಹೇಳಿಕೆ ಕೊಡ್ಬೇಕು" ಎಂದಳು. "ನಮ್ಮಮ್ಮ ಮನೆ ಬರ್ದಿದ್ದು ನಮ್ಮಿಬ್ಬರ ಹೆಸರಿಗೂ. ಅರ್ಧ ಮನೆ ನಂದು. ಅಂದ್ಮೇಲೆ ಗೇಟೂ ನಂದೇ."

"ಅರ್ಧ ಗೇಟು" ಎಂದರು ಸಾಹೇಬರು.

"ಅರ್ಧ ಬಿಚ್ಚಿ ಕೊಡೋಕಾಗಲ್ಲ, ಅದಕ್ಕೇ ಪೂರ್ತಿ ಕೊಟ್ಟೆ. ಗವ್ರಿಲ್ ಕದ್ದಿಲ್ಲ. ತಗೊಂಡೋಗಿ ಅಂತ ನಾನೇ ಹೇಳಿದ್ದು."

ವಲೇರ್ ಹುಬ್ಬು ಗಂಟಿಕ್ಕಿದ. ತಂಗಿಯ ಮೇಲಿನ ಪ್ರೀತಿ ಬೇರೆ, ಹೇಳಿಕೆಯ ಸತ್ಯಾಸತ್ಯ ಬೇರೆ. "ವೆಟ್ಟಾ, ಅಧಿಕಾರಿ ಎದುರು ಸುಳ್ಳು ಹೇಳ್ಬಾರ್ದು. ಆ ಗೇಟು ಮುಟ್ಟಿದ್ರೆ ಇಡೀ ಬೀದಿ ಏಳತ್ತೆ. ನನಗೆ ಒಂದು ಸದ್ದೂ ಕೇಳ್ಸಿಲ್ಲ."

"ಹೇಗ್ ಕೇಳ್ಸತ್ತೆ ಅಣ್ಣ? ಸಂಜೇನೇ ಗೇಟಿನ ಕೀಲುಗಳಿಗೆಲ್ಲಾ ಬಾತುಕೋಳಿ ಕೊಬ್ಬು ಸವರಿದ್ದೆ. ನೀನು ಊಟದಲ್ಲಿ ಕೇಳ್ದೆ, ಆಲೂಗಡ್ಡೆ ಯಾಕೆ ಒಣಗಿದೆ ಅಂತ."

ಒಣ ಆಲೂಗಡ್ಡೆ ವಲೇರನಿಗೆ ಚೆನ್ನಾಗಿ ನೆನಪಿತ್ತು. ಅವನ ಮುಖದಲ್ಲಿ ನಿಧಾನವಾಗಿ ಮೂಡಿದ್ದು ಸಂತೋಷವೋ ಲೆಕ್ಕಾಚಾರವೋ ಹೇಳುವುದು ಕಷ್ಟ. ಅವನಲ್ಲಿ ಅವೆರಡೂ ಒಂದೇ ಜಾಗದಲ್ಲಿ ವಾಸವಿದ್ದವು.

"ಸಾರ್, ಹಾಗಾದ್ರೆ ಅಳ್ಸೋದು ಬೇಡ" ಎಂದ.

"ಅಂದ್ರೆ?"

"ಒಡತೀನೇ ಕೊಟ್ಟಿದ್ದು ಅಂದ್ಮೇಲೆ ಕಳ್ಳತನ ನಡೆದೇ ಇಲ್ಲ. ನಾನು ಬುಡ ಇಲ್ಲದ ದೂರು ಕೊಟ್ಟಿದೀನಿ. ಅದಕ್ಕೆ ಬೇರೆ ಕಾಲಂ ಇದೆ. ಕಳ್ಳತನದಲ್ಲಿ ಒಂದು ಕಮ್ಮಿ, ಬುಡ ಇಲ್ಲದ ದೂರಲ್ಲಿ ಒಂದು ಜಾಸ್ತಿ. ದಂಡ ನಾನು ಕಟ್ತೀನಿ. ಒಟ್ಟು ಮೊತ್ತ ಹಾಗೇ ಇರತ್ತೆ."

"ಮತ್ತೆ ಉಳಿದ ಗೇಟುಗಳು?"

"ಅವು ಇರ್ತವೆ ಸಾರ್. ಅವರ ಮನೇಲಿ ಯಾರೂ ಕೀಲಿಗೆ ಕೊಬ್ಬು ಹಚ್ಚಿಲ್ಲ."

ಸಾಹೇಬರು ಮತ್ತೆ ಕಿಟಕಿಯಾಚೆ ನೋಡಿದರು. ಈ ಸಲ ಅಲ್ಲಿ ಅವರಿಗೆ ಹೊಸ ಊರು ಕಾಣುತ್ತಿದ್ದಿರಬೇಕು.

ಭಾನುವಾರ ಗವ್ರಿಲ್ ಬಂದ. ಸೊಂಟಕ್ಕೆ ಪಟ್ಟಿ ಬಿಗಿದು, ತಾನು ಬರಿಗೈಲಿ ಮುಂದೆ, ಅಳಿಯಂದಿರ ಹೆಗಲ ಮೇಲೆ ಗೇಟು ಹಿಂದೆ. ಕೀಲಿಗೆ ಕೂರಿಸಿದ್ದಾದ ಮೇಲೆ ವಲೇರ್ ಎರಡು ಲೋಟಕ್ಕೆ ಪಾಲಿಂಕಾ ಸುರಿದ. ಇಬ್ಬರೂ ಹವಾಮಾನ, ಹೊಗೆ ಕೊಳವೆ, ಆ ವರ್ಷದ ಪ್ಲಮ್ ಬೆಳೆಗಳ ಬಗ್ಗೆ ಮಾತಾಡಿದರು. ವೆಟೂರಿಯಾಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಎಲೆಕೋಸಿನ ಸುರುಳಿ ಸಾರ್ಮಾಲೆ ಬಡಿಸುವಾಗ ಮಾತ್ರ ಗವ್ರಿಲನ ತಟ್ಟೆಗೆ ಒಂದು ಹೆಚ್ಚು ಬಿತ್ತು. ಅದನ್ನು ವಲೇರ್ ಗಮನಿಸಿದ, ದಾಖಲಿಸಲಿಲ್ಲ.

ಜನವರಿಯಲ್ಲಿ ವಾರ್ಷಿಕ ಪತ್ರಿಕಾಗೋಷ್ಠಿ ನಡೆಯಿತು. ರಾಜಧಾನಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ಲಮ್ ಕೈಕೊಟ್ಟಿದ್ದರಿಂದ ಕೆಂಪು ಗೆರೆ ಇಳಿದಿತ್ತು. ಸಾಹೇಬರು ಅದನ್ನು ಗಸ್ತಿನ ಖಾತೆಗೆ ಹಾಕಿಕೊಂಡರು. ನೀಲಿ ಗೆರೆ ಕೂದಲೆಳೆಯಷ್ಟು ಏರಿತ್ತು. ಅದನ್ನು ಅವರು ಬಹಳ ಬೇಗ ಓದಿದರು. ಗೋಡೆಗೊರಗಿ ನಿಂತ ವಲೇರ್ ತನ್ನ ಹಾಳೆ ಹಿಡಿದುಕೊಂಡಿದ್ದ. ಮದುವೆ ಮುಂದಿನ ತಿಂಗಳು ಎಂದು ಗೊತ್ತಾಗಿತ್ತು. ವೆಟೂರಿಯಾ ತನ್ನ ಪಾತ್ರೆಗಳನ್ನು ಬೇರೆ ಜೋಡಿಸಲು ಶುರು ಮಾಡಿದ್ದಳು.

ಹಿಂದಿನ ಸಾಲಿನಿಂದ ಹೊಸ ವರದಿಗಾರ್ತಿಯೊಬ್ಬಳು ಎದ್ದು ನಿಂತಳು. ಎಲ್ಲರೂ ಹಾರಿಸುವ ಕೊನೆಯ ಪುಟವನ್ನೂ ಓದಿ ಬಂದಿದ್ದಳು ಹುಡುಗಿ.

"ಬುಡ ಇಲ್ಲದ ದೂರು ಅಂತ ಒಂದು ಕಾಲಂ ಇದೆ. ಆಚೆ ವರ್ಷ ಒಂದು, ಹೋದ ವರ್ಷ ಎರಡು. ಅಂದ್ರೆ ಒಂದೇ ವರ್ಷದಲ್ಲಿ ದುಪ್ಪಟ್ಟು! ಬೇರೆ ಯಾವ ಅಪರಾಧಾನೂ ಹೀಗೆ ಏರಿಲ್ಲ. ಇದು ಆತಂಕ ಪಡೋ ವಿಷಯ ಅಲ್ವಾ?"

ರಾಜಧಾನಿಯವರು ಪೆನ್ನು ಎತ್ತಿಕೊಂಡರು. ಸಾಹೇಬರು ಗಂಟಲು ಸರಿಪಡಿಸಿಕೊಂಡು, ಸಮಾಜದಲ್ಲಿ ಕುಸಿಯುತ್ತಿರುವ ಪರಸ್ಪರ ನಂಬಿಕೆಯ ಬಗ್ಗೆ ಎರಡು ಮಾತು ಆಡಿ, ಮುಂದೆ ದಾರಿ ಕಾಣದೆ ಗೋಡೆಯ ಕಡೆ ಕೈ ತೋರಿಸಿದರು. "ನಮ್ಮ ತಜ್ಞರು ಹೇಳ್ತಾರೆ."

"ಹೇಳಿ ಸಾರ್" ಎಂದಳು ಹುಡುಗಿ. "ಈ ಏರಿಕೆ ಈ ವರ್ಷ ಎಲ್ಲಿಗೆ ಮುಟ್ಟಬಹುದು?"

ವಲೇರ್ ಹಾಳೆಯನ್ನೊಮ್ಮೆ ನೋಡಿ ಮಡಿಸಿದ.

"ಇಳಿಯತ್ತೆ" ಎಂದ. "ನನಗಿದ್ದಿದ್ದು ಒಬ್ಬಳೇ ತಂಗಿ."