ಕೆಟ್ಟಿಲ್ಲದ ಪ್ರೊಜೆಕ್ಟರ್

ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ವೈರ್ ಮೇಡಂ ಎನ್ನುತ್ತಾರೆ. ಜಿಲ್ಲೆಯ ಯಾವ ಶಾಲೆಗೆ ಈ ವರ್ಷ ಹೊಸ ಕಂಪ್ಯೂಟರ್, ಯಾವುದಕ್ಕೆ ಪ್ರೊಜೆಕ್ಟರ್ ಎಂದು ಯೋಜನೆ ಹಾಕುವವರು ಅವರೇ. ಅವರ ಕೈಚೀಲದಲ್ಲಿ ಬಾಚಣಿಗೆ ಇರುತ್ತದೋ ಇಲ್ಲವೋ, ವೈರು ಮಾತ್ರ ಇದ್ದೇ ಇರುತ್ತದೆ. ನಾನು ಕಚೇರಿಯ ವ್ಯಾನ್ ಓಡಿಸುವವನು. ಅವರ ಜೊತೆ ಶಾಲೆ ಶಾಲೆ ಸುತ್ತಿ ನನ್ನ ಸೊಂಟವೂ ಹೋಗಿದೆ, ತಾಳ್ಮೆಯೂ ಹೋಗಿದೆ.

ಅವರು ಈ ಕುರ್ಚಿಗೆ ಬಂದ ಹೊಸತರಲ್ಲಿ ಹೊಸ ಯಂತ್ರಗಳೆಲ್ಲ ಬಾಯಿ ಜೋರಿದ್ದ ಹೆಡ್‌ಮಾಸ್ತರರ ಪಾಲಾಗುತ್ತಿದ್ದವು. ಮೇಡಂ ನಮ್ಮ ಕಚೇರಿಯ ಸಾಹೇಬರ ಜೊತೆ ಜಗಳವಾಡಿ ಒಂದು ನಿಯಮ ತಂದರು: ಕೆಟ್ಟಿರುವ ಕಡೆಗೆ ಮೊದಲು, ನಡೆಯುತ್ತಿರುವ ಕಡೆಗೆ ಆಮೇಲೆ. ಕೇಳಲು ಎಷ್ಟು ನ್ಯಾಯವಾಗಿದೆ. ಆದರೆ ಅಂದಿನಿಂದ, ನಾವು ತಪಾಸಣೆಗೆ ಹೊರಟ ಸುದ್ದಿ ಹಬ್ಬಿದರೆ ಸಾಕು, ಪ್ರೊಜೆಕ್ಟರುಗಳಿಗೆ ಮೇಜಿನಿಂದ ಬೀಳುವ ಚಾಳಿ ಶುರುವಾಯಿತು. ಒಬ್ಬ ಹೆಡ್‌ಮಾಸ್ತರರು ಬೆಕ್ಕು ಬೀಳಿಸಿತು ಎಂದರು. ಆ ಶಾಲೆಗೆ ಹೊಸದು ಬಂತು, ಬೆಕ್ಕನ್ನು ಮಾತ್ರ ನಾನು ಇವತ್ತಿಗೂ ಕಂಡಿಲ್ಲ. ಮೇಡಂಗೆ ಇದೆಲ್ಲ ಗೊತ್ತಿಲ್ಲದೆ ಇಲ್ಲ. ಆದರೆ ಒಡೆದದ್ದು ಒಡೆದದ್ದೇ, ಯಾರನ್ನೆಂದು ಕೇಳುವುದು? ಕೆಟ್ಟವುಗಳ ಸಾಲು ಮುಗಿಯಲಿಲ್ಲ, ಉಳಿದವರ ‘ಆಮೇಲೆ’ ಬರಲೂ ಇಲ್ಲ.

ಈ ನಿಯಮದಿಂದ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಮೇಡಂ ಅವರ ಸ್ವಂತ ಅಕ್ಕ. ದೂರದ ಗುಡ್ಡದ ಶಾಲೆಯಲ್ಲಿ ವಿಜ್ಞಾನದ ಟೀಚರು. ಅವರ ಪ್ರೊಜೆಕ್ಟರಿನ ಬಲ್ಬು ಮಂಕಾಗಿದೆ, ಬದಲಿಸಲು ಅಂಥದ್ದು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೂ ಕೇಳಿದಾಗಲೆಲ್ಲ ‘ನಡೆಯುತ್ತಿದೆ’ ಎಂದೇ ಬರೆದು ಕಳಿಸುತ್ತಿದ್ದರು. ಈ ವರ್ಷ ಅವರಿಗೆ ನಿವೃತ್ತಿ. ಹೋಗುವ ಮೊದಲು ತನ್ನ ಮಕ್ಕಳಿಗೆ ಒಮ್ಮೆಯಾದರೂ ಚಿತ್ರವನ್ನು ಸ್ಪಷ್ಟವಾಗಿ ತೋರಿಸಬೇಕು ಎನ್ನುವುದು ಅವರ ಆಸೆ. ಯೋಜನೆ ಮರುದಿನ ಸಾಹೇಬರ ಸಹಿಗೆ ಹೋಗುವುದಿತ್ತು. ಕೊನೆಯ ತಪಾಸಣೆಗೆಂದು ನಾವು ಅಲ್ಲಿಗೇ ಹೋದೆವು.

ತರಗತಿಯ ಕಿಟಕಿಗಳಿಗೆಲ್ಲ ರಟ್ಟು ಅಂಟಿಸಿ ಕತ್ತಲು ಮಾಡಿದ್ದರು. ಒಳಗೆ ವಿಪರೀತ ಸೆಕೆ. ಅಕ್ಕ ಬೀರುವಿನಿಂದ ಪ್ರೊಜೆಕ್ಟರ್ ಎತ್ತಿ ತರುವಾಗ ನಾಲ್ಕು ಮಕ್ಕಳು ಅದರ ಕೆಳಗೆ ಕೈ ಒಡ್ಡಿಕೊಂಡು ಜೊತೆಗೇ ನಡೆದರು. ಜಾರಿದರೆ ಕೈಗೆ ಬೀಳಲಿ ಎಂದು ಅಕ್ಕ ಕಲಿಸಿದ ಪದ್ಧತಿ ಅದಂತೆ. ಆಮೇಲೆ ಮಕ್ಕಳೆಲ್ಲ ಬೆಂಚು ಬಿಟ್ಟು ಗೋಡೆಯ ಬುಡದಲ್ಲಿ ಒತ್ತೊತ್ತಾಗಿ ಕೂತರು. ಗೋಡೆಯ ಮೇಲೆ ಏನೋ ಮಸುಕಾಗಿ ಮೂಡಿತು. ನಾನು ಮೋಡ ಅಂದುಕೊಂಡೆ. ಅದು ಹೃದಯದ ಚಿತ್ರವಂತೆ.

“ಅಕ್ಕ, ಕೆಟ್ಟಿದೆ ಅಂತ ಬರ್ಕೊಡು. ಉಳಿದದ್ದು ನಾನು ನೋಡ್ಕೋತೀನಿ,” ಎಂದರು ಮೇಡಂ.

“ಕೆಟ್ಟಿಲ್ವಲ್ಲೇ.”

“ಇದು ಯಾರಿಗೆ ಕಾಣತ್ತೆ?”

“ಹತ್ರ ಕೂತ್ರೆ ಕಾಣತ್ತೆ. ಜೋಪಾನವಾಗಿ ಇಟ್ಕೊಳ್ಳಿ ಅಂತ ಇವರಿಗೆ ದಿನಾ ಹೇಳಿ, ಈಗ ಇವರೆದುರಿಗೇ ಸುಳ್ಳು ಬರೀಲಾ?”

“ನಡೀತಿರೋದನ್ನ ನಾನೇ ಪಟ್ಟಿಗೆ ಸೇರಿಸಿದ್ರೆ, ಅಕ್ಕನಿಗೋಸ್ಕರ ನಿಯಮ ಮುರಿದ್ಲು ಅಂತಾರೆ.”

“ಅನ್ನಿಸ್ಕೋಬೇಡ, ಬಿಡು.”

ನನಗೆ ಆ ಅಕ್ಕನ ಮೇಲೆ ಸಿಟ್ಟೇ ಬಂತು. ಮೇಡಂ ಸ್ವಿಚ್ ಆರಿಸಿ, ವೈರು ಬಿಚ್ಚಿ, ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಾಚೆಯ ಕಲ್ಲು ಮೆಟ್ಟಿಲ ಕಡೆ ಹೊರಟರು. ಏನು ಮಾಡಲು ಹೊರಟಿದ್ದಾರೆಂದು ನನಗೂ ತಿಳಿಯಿತು, ಅಕ್ಕನಿಗೂ ತಿಳಿಯಿತು. ಅಕ್ಕ ಮುಖ ಆಚೆ ತಿರುಗಿಸಿಕೊಂಡರು. ಬೇಗ ಬೀಳಿಸಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಯಾರೂ ಹೇಳದೆಯೇ ಅದೇ ನಾಲ್ಕು ಮಕ್ಕಳು ಎದ್ದು ಬಂದರು. ಮೇಡಂ ಅವರ ಕೈಗಳ ಕೆಳಗೆ ತಮ್ಮ ಕೈ ಚಾಚಿ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದರು.

“ನಿಧಾನ ಮೇಡಂ, ಮೆಟ್ಟಿಲಿದೆ,” ಎಂದಳು ಒಬ್ಬಳು.

ಮೇಡಂ ಹೊಸ್ತಿಲಲ್ಲೇ ನಿಂತುಬಿಟ್ಟರು. ಮಕ್ಕಳೂ ಕೈ ತೆಗೆಯದೆ ನಿಂತರು. ಕೊನೆಗೆ ತಿರುಗಿ ಬಂದು ಯಂತ್ರವನ್ನು ಇದ್ದಲ್ಲೇ ಇಟ್ಟು ವೈರು ಸಿಕ್ಕಿಸಿದರು. ತಪಾಸಣೆಯ ಹಾಳೆ ತೆಗೆದು, ಈ ಸಲ ತಮ್ಮ ಕೈಯಾರೆ ‘ನಡೆಯುತ್ತಿದೆ’ ಎಂದು ಬರೆದರು.

ಹಿಂದಿರುಗುವಾಗ ಮೇಡಂ ಹಿಂದಿನ ಸೀಟಿನಲ್ಲಿ ಅಳುತ್ತಿದ್ದರು. ನಾನು ಗುಡ್ಡ ಇಳಿಯುವವರೆಗೂ ಕನ್ನಡಿ ನೋಡದೆ ವ್ಯಾನ್ ಓಡಿಸಿದೆ.